ಇಲ್ಲದ ನೆಲಮಾಳಿಗೆ
ಅಮೆರಿಕದಲ್ಲಿ 2016ರ ಅಕ್ಟೋಬರಿನಲ್ಲಿ, ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಜಾನ್ ಪೊಡೆಸ್ಟಾ ಅವರ ಇ-ಮೇಲ್‌ಗಳನ್ನು ವಿಕಿಲೀಕ್ಸ್ ಬಯಲು ಮಾಡಿತು. ಪಕ್ಷಕ್ಕೆ ಮುಜುಗರವಾದದ್ದು ನಿಜ. ಆದರೆ ಅವುಗಳಲ್ಲಿದ್ದ ಊಟ-ತಿಂಡಿಯ ಮಾತುಗಳಿಗೂ ಕೆಲವರು ಅಂತರ್ಜಾಲದಲ್ಲಿ ಗೂಢಾರ್ಥ ಹಚ್ಚಿದರು: ವಾಷಿಂಗ್ಟನ್ನಿನ ‘ಕಾಮೆಟ್ ಪಿಂಗ್ ಪಾಂಗ್’ ಎಂಬ ಪಿಜ್ಜಾ ಹೋಟೆಲಿನ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರಂತೆ! ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇಲ್ಲ. ಪತ್ರಿಕೆಗಳು ಸುಳ್ಳೆಂದು ಬರೆದರೂ ಮಾಲೀಕರಿಗೆ, ಕೆಲಸಗಾರರಿಗೆ, ಅಕ್ಕಪಕ್ಕದ ಅಂಗಡಿಯವರಿಗೂ ಬೆದರಿಕೆಗಳು ಬಂದವು.

ಡಿಸೆಂಬರ್ 4ರಂದು ಉತ್ತರ ಕೆರೊಲಿನಾದಿಂದ ಒಬ್ಬಾತ ಬಂದೂಕು ಹಿಡಿದು ಬಂದ. ಪುಂಡನೆಂದು ತಳ್ಳಿಹಾಕಬೇಡಿ, ಮಕ್ಕಳನ್ನು ಬಿಡಿಸಲೆಂದೇ ಬಂದಿದ್ದ. ಬೀಗ ಹಾಕಿದ್ದ ಕೋಣೆಯತ್ತ ಗುಂಡು ಹಾರಿಸಿದ. ಒಳಗಿದ್ದದ್ದು ಕಂಪ್ಯೂಟರ್ ಸಾಮಾನು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಮಕ್ಕಳಾರೂ ಇಲ್ಲವೆಂದು ಕಂಡು ಪೊಲೀಸರಿಗೆ ಶರಣಾದ. 2017ರಲ್ಲಿ ಅವನಿಗೆ 4 ವರ್ಷ ಸಜೆಯಾಯಿತು.