ಮಣ್ಣಿನ ಗುಣ, ಕೆರೆಯ ನೀರಿನ ಗುಣ

ಮಳೆಯ ನೀರು ಪರಿಶುದ್ಧವೆಂದು ನಾವು ಭಾವಿಸುತ್ತೇವೆ. ಆದರೆ ರಸಾಯನಶಾಸ್ತ್ರಜ್ಞರ ಕಣ್ಣಿಗೆ ಅದು ತುಸು ಹುಳಿ. ಗಾಳಿಯ ಇಂಗಾಲದ ಡೈಆಕ್ಸೈಡು ಹನಿಯಲ್ಲಿ ಕರಗಿ ದುರ್ಬಲವಾದ ಆಮ್ಲವಾಗುವುದೇ ಇದಕ್ಕೆ ಕಾರಣ. 1909ರಲ್ಲಿ ಡೆನ್ಮಾರ್ಕಿನ ಸೊರೆನ್ಸನ್ ಎಂಬ ವಿಜ್ಞಾನಿ ರೂಪಿಸಿದ ಪಿ.ಎಚ್. ಮಾನದಲ್ಲಿ 7 ಎಂಬುದು ಸಮಸ್ಥಿತಿ. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ನಿರ್ಮಲವಾದ ಮಳೆನೀರು ಸುಮಾರು 5.6. ಅದೇ ನೀರು ಕಿಬ್ಬನಹಳ್ಳಿಯ ಕಡೆಯ ತೆಂಗಿನ ತೋಟಗಳಲ್ಲಿ ಹರಿದು ಕೆರೆ ಸೇರಿದ ಮೇಲೆ 7ನ್ನು ದಾಟಿ 8ರತ್ತ ಸಾಗುವುದುಂಟು. ನಡುವೆ ನಡೆದದ್ದೇನು?

ನೀರು ಮಣ್ಣನ್ನು ಮುಟ್ಟಿತು, ಅಷ್ಟೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗೆ ಇಳಿದ ನೀರು ಮೊದಲು ಇನ್ನಷ್ಟು ಹುಳಿಯಾಗುತ್ತದೆ. ಆ ಹುಳಿ ಕಲ್ಲಿನ ಕಣಗಳನ್ನು ನಿಧಾನವಾಗಿ ಕರಗಿಸುತ್ತದೆ. ಕ್ಯಾಲ್ಸಿಯಂ, ಸೋಡಿಯಂ ಮೊದಲಾದುವು ಬಿಡುಗಡೆಯಾಗಿ, ಆಮ್ಲ ಖರ್ಚಾಗಿ, ಬೈಕಾರ್ಬೊನೇಟು ನೀರಿನಲ್ಲಿ ಉಳಿಯುತ್ತದೆ. ಚಿಕ್ಕನಾಯಕನಹಳ್ಳಿಯ ಕಡೆ ಇರುವಂತೆ ಸುಣ್ಣಕಲ್ಲು ಸಿಕ್ಕಿದರೆ ಈ ಕೆಲಸ ಇನ್ನೂ ಬೇಗ.

ಹಾಗಾದರೆ ಮಲೆನಾಡಿನ ಮಣ್ಣು ಹುಳಿಯೇಕೆ? ಅಲ್ಲಿ ಸುರಿಯುವ ಭಾರಿ ಮಳೆ ಕ್ಷಾರಾಂಶಗಳನ್ನು ಯುಗಯುಗಗಳಿಂದ ತೊಳೆದೊಯ್ದಿದೆ. ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳೇ ಹೆಚ್ಚಾಗಿ ಉಳಿದಿವೆ. ನಮ್ಮ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಕೆರೆಯ ನೀರು ಆವಿಯಾಗುತ್ತದೆ. ಕರಗಿದ ಲವಣ ಅಲ್ಲೇ ನಿಲ್ಲುತ್ತದೆ. ಬೇಸಗೆಯಲ್ಲಿ ಕೆರೆ ಬತ್ತುತ್ತ ಬಂದಂತೆ ಅದರ ಗುಣ ಗಡುಸಾಗುವುದು ಹೀಗೆ. ಮಲೆನಾಡಿನಲ್ಲಿ ಹುಟ್ಟಿದ ಹೇಮಾವತಿಯ ನೀರು ನಾಲೆಯಲ್ಲಿ ಬಂದು ನಮ್ಮ ಕೆರೆಗೆ ಸೇರಿದರೂ, ನಿಂತ ಮೇಲೆ ಇಲ್ಲಿಯ ಮಣ್ಣಿನ ಮಾತನ್ನು ಕೇಳಲೇಬೇಕು.

ಅಡಿಗೆಮನೆಯ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರು, ನೊರೆ ಬಾರದ ಸಾಬೂನು, ಬೇಯದ ಬೇಳೆ, ಇವೆಲ್ಲ ನೀರು ಗಡುಸೆಂಬುದರ ಸುಳಿವುಗಳು. ತೋಟದಲ್ಲಿ ಇದರ ಪರಿಣಾಮ ದೊಡ್ಡದು. ಸೋಡಿಯಂ ಬೈಕಾರ್ಬೊನೇಟು ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಹಾಯಿಸಿದರೆ ಜೇಡಿ ಬಿಗಿದು, ಮಣ್ಣು ನೀರಿಂಗದಂತಾಗುತ್ತದೆ. ಕ್ಷಾರ ಮಿತಿಮೀರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದೆ ತೆಂಗಿನ ಎಳೆಯ ಗರಿ ಹಳದಿಯಾಗುತ್ತದೆ. ಅಂಥ ಪಾತಿಗೆ ಬೂದಿಯನ್ನೋ ಸುಣ್ಣವನ್ನೋ ಸುರಿದರೆ, ಗಾಯದ ಮೇಲೆ ಬರೆ ಎಳೆದಂತೆ! ಹುಳಿಮಣ್ಣಿಗೆ ಔಷಧಿಯಾದದ್ದು ಇಲ್ಲಿ ವಿಷವಾದೀತು. ಸೋಡಿಯಂ ಕಾಟಕ್ಕೆ ಜಿಪ್ಸಂ, ಹಸಿರೆಲೆ ಗೊಬ್ಬರ, ನೀರು ಬಸಿಯಲು ಕಾಲುವೆ ಇವೇ ಸೂಕ್ತ.

ಆದುದರಿಂದ ಗೊಬ್ಬರ ಕೊಳ್ಳುವ ಮುನ್ನ ಮಣ್ಣನ್ನೂ ನೀರನ್ನೂ ಜೊತೆಯಾಗಿ ಪರೀಕ್ಷೆಗೆ ಕಳುಹಿಸಿರಿ. ಕೆರೆಯ ನೀರನ್ನು ಬೆಳಗ್ಗೆಯೇ ತುಂಬಿಕೊಳ್ಳಿರಿ. ನಡುಹಗಲಿನಲ್ಲಿ ಪಾಚಿಯು ಇಂಗಾಲದ ಡೈಆಕ್ಸೈಡನ್ನು ಹೀರಿ ಪಿ.ಎಚ್. ಏರಿಸಿರುತ್ತದೆ. ಒಂದು ಸೀಸೆ ನೀರು, ಒಂದು ಹಿಡಿ ಮಣ್ಣು: ತೋಟದ ನಾಡಿ ತಿಳಿಯಲು ಇವೆರಡೂ ಬೇಕು.