ಹುಣಸೂರಿನ ಕಪಾಟಿನಲ್ಲಿ ನೌಕಾವಿಮಾನಗಳು

ಹುಣಸೂರು, ಪಿರಿಯಾಪಟ್ಟಣಗಳೆಂದರೆ ಹೊಗೆಸೊಪ್ಪಿನ ಬ್ಯಾರನ್ನುಗಳು ಕಣ್ಣಮುಂದೆ ಬರುತ್ತವೆ. ಕೃಷ್ಣರಾಜನಗರವೆಂದರೆ ಬತ್ತದ ಗದ್ದೆಗಳು. ಹೆಗ್ಗಡದೇವನಕೋಟೆಯೆಂದರೆ ಕಾಕನಕೋಟೆಯ ಕಾಡು, ಆನೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಸಮುದ್ರವನ್ನು ನೆನೆಯುವುದಕ್ಕೆ ಯಾವ ಕಾರಣವೂ ಇಲ್ಲ. ಲಕ್ಷ್ಮಣತೀರ್ಥವೂ ಕಬಿನಿಯೂ ಕಾವೇರಿಯನ್ನು ಸೇರಿ ಬಂಗಾಳಕೊಲ್ಲಿಯತ್ತ ಹೊರಡುತ್ತವೆ, ನಿಜ. ಆದರೆ ನಾವು ಅವುಗಳನ್ನು ಹಿಂಬಾಲಿಸುವುದು ಗದ್ದೆಯ ತೂಬಿನವರೆಗೆ ಮಾತ್ರ. ಹೀಗಿರುವಲ್ಲಿ ಹುಣಸೂರಿನ ನನ್ನ ಮನೆಯ ಕಪಾಟಿನಲ್ಲಿ ಎರಡನೆಯ ಮಹಾಯುದ್ಧದ ನೌಕಾವಿಮಾನಗಳು ಸಾಲಾಗಿ ನಿಂತಿರುವುದನ್ನು ಕಂಡವರು, "ಮೊಮ್ಮಕ್ಕಳ ಆಟದ ಸಾಮಾನೇ?" ಎಂದು ಕೇಳುತ್ತಾರೆ. ಅಲ್ಲವೆಂದರೆ ಅವರು ನನ್ನನ್ನು ನೋಡುವ ನೋಟವೇ ಬೇರೆಯಾಗುತ್ತದೆ.

ಇವು ಲೋಹದ ಎರಕದಿಂದಾದ ಮಾದರಿಗಳು. ಡೈಕಾಸ್ಟ್ ಎಂಬುದು ಅಂಗಡಿಯ ಮಾತು. ಉಕ್ಕಿನ ಅಚ್ಚಿನೊಳಕ್ಕೆ ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ನುಗ್ಗಿಸುತ್ತಾರೆ. ತಣಿದ ಮೇಲೆ ತೆಗೆದು ಬಣ್ಣ ಹಚ್ಚುತ್ತಾರೆ. ಲೋಹದಲ್ಲಿ ಸೀಸದ ಲೇಶವೊಂದು ಬೆರೆತಿದ್ದರೆ ಎಷ್ಟೋ ವರ್ಷಗಳ ಮೇಲೆ, ಯಾರೂ ಮುಟ್ಟದಿದ್ದರೂ, ಮಾದರಿ ಒಳಗಿನಿಂದಲೇ ಬಿರಿದು ಪುಡಿಯಾಗುತ್ತದೆ. ಸಂಗ್ರಾಹಕರು ಇದನ್ನು ಸತುವಿನ ಪಿಡುಗು ಎಂದು ಕರೆದು, ಹಳೆಯ ಸರಕನ್ನು ಕೊಳ್ಳುವಾಗ ಮಾವಿನಹಣ್ಣನ್ನು ಪರೀಕ್ಷಿಸುವವರಂತೆ ತಿರುತಿರುಗಿಸಿ ನೋಡುತ್ತಾರೆ. ಇಂಗ್ಲೆಂಡಿನ ಡಿಂಕಿ ಆಟಿಕೆಗಳ ಹಳೆಯ ಅಚ್ಚುಗಳು ಒಮ್ಮೆ ಕಲ್ಕತ್ತೆಗೆ ಬಂದು, ಅಲ್ಲಿ ನಿಕ್ಕಿ ಎಂಬ ಹೆಸರಿನ ಆಟಿಕೆಗಳು ತಯಾರಾದದ್ದುಂಟು. ನಮ್ಮ ಕಾಲದ ಹುಡುಗರಲ್ಲಿ ಕೆಲವರಿಗಾದರೂ ಅವುಗಳ ನೆನಪಿರಬೇಕು.

ನನ್ನಲ್ಲಿರುವವು ಎಪ್ಪತ್ತೆರಡರಲ್ಲಿ ಒಂದು ಪಾಲಿನ ಪ್ರಮಾಣದವು. ಆರು ಅಡಿಗೆ ಒಂದು ಅಂಗುಲ. ಎಂದರೆ ಆಳೆತ್ತರದ ಮನುಷ್ಯ ಈ ಲೋಕದಲ್ಲಿ ಅಂಗುಲದ ಬೊಂಬೆ. ಈ ಪ್ರಮಾಣ ಕೇವಲ ವಿನೋದದ್ದಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲಾಮಕ್ಕಳಿಂದ ಇದೇ ಅಳತೆಯ ಐದು ಲಕ್ಷ ಮರದ ವಿಮಾನಗಳನ್ನು ಬೇಡಿತ್ತು. ಆಕಾಶದಲ್ಲಿ ಕಂಡ ಆಕೃತಿ ನಮ್ಮದೋ ಶತ್ರುವಿನದೋ ಎಂಬುದನ್ನು ಸೈನಿಕರು ಕ್ಷಣಾರ್ಧದಲ್ಲಿ ಗುರುತಿಸುವ ಅಭ್ಯಾಸಕ್ಕೆ ಅವು ಬೇಕಾಗಿದ್ದವು. ಗುರುತು ತಪ್ಪಿದರೆ ಸ್ವಂತದವರೇ ಸಾಯುತ್ತಿದ್ದರು. ಮಕ್ಕಳ ಕೈಯ ಅರದಿಂದ ರೂಪಗೊಂಡ ರೆಕ್ಕೆಯ ಓರೆಯಲ್ಲಿ ದೊಡ್ಡವರ ಪ್ರಾಣ ನಿಂತಿತ್ತು.

ನನ್ನ ಕಪಾಟಿನಲ್ಲಿ ಜಪಾನಿನ ಝೀರೋ ವಿಮಾನವೂ, ಕ್ಯಾಟಲೀನಾ ಎಂಬ ಹಾರುವ ದೋಣಿಯೂ ಪಕ್ಕಪಕ್ಕದಲ್ಲಿವೆ. ಮೊದಲನೆಯದರ ರೆಕ್ಕೆ ಒಂದು ಗೇಣನ್ನೂ ಮುಟ್ಟದು; ಎರಡನೆಯದರದು ನಲವತ್ತನಾಲ್ಕು ಸೆಂಟಿಮೀಟರ್, ಸುಮಾರು ಒಂದು ಮೊಳ. 1942ರ ಏಪ್ರಿಲ್ 4ರಂದು ಸಿಂಹಳದ ಕೊಗ್ಗಲದಿಂದ ಹೊರಟ ಕ್ಯಾಟಲೀನಾವೊಂದು, ಲಿಯೊನಾರ್ಡ್ ಬರ್ಚಲ್ ಎಂಬ ಕೆನಡಾದ ಅಧಿಕಾರಿಯ ನಾಯಕತ್ವದಲ್ಲಿ, ಜಪಾನಿನ ನೌಕಾಪಡೆ ಬರುತ್ತಿರುವುದನ್ನು ಕಂಡು ರೇಡಿಯೋದಲ್ಲಿ ಸುದ್ದಿ ಕಳಿಸಿತು. ಸುದ್ದಿ ಹೋಗುತ್ತಿದ್ದಂತೆಯೇ ಝೀರೋಗಳು ಅದನ್ನು ಹೊಡೆದುರುಳಿಸಿದವು. ಒಂಬತ್ತು ಜನರಲ್ಲಿ ಮೂವರು ಸತ್ತರು, ಉಳಿದವರು ಸೆರೆಯಾದರು. ಮರುದಿನ ಕೊಲಂಬೊದ ಮೇಲೆ ದಾಳಿಯಾಯಿತು. 6ರಂದು ಮತ್ತೊಂದು ವಿಮಾನವಾಹಕ ನೌಕೆಯಿಂದ ಎದ್ದ ವಿಮಾನಗಳು ನಮ್ಮ ವಿಶಾಖಪಟ್ಟಣದ ಮೇಲೂ ಕಾಕಿನಾಡದ ಮೇಲೂ ಬಾಂಬು ಹಾಕಿದವು.

ಕೊಂದದ್ದನ್ನೂ ಕೊಲ್ಲಲ್ಪಟ್ಟದ್ದನ್ನೂ ಒಂದೇ ಹಲಗೆಯ ಮೇಲಿಟ್ಟು ಧೂಳು ಒರೆಸುವುದು ಸರಿಯೇ ಎಂದು ಸ್ನೇಹಿತರೊಬ್ಬರು ಕೇಳಿದ್ದರು. ಝೀರೋ ನಿಜವಾಗಿಯೂ ಸುಂದರವಾದ ವಿಮಾನ. ಈ ಮಾತನ್ನು ಹೇಳುವಾಗ ನನಗೆ ಸಂಕೋಚವಾಗುತ್ತದೆ, ಆದರೂ ಹೇಳದಿರಲಾರೆ. ಅದನ್ನು ತೆಗೆದುಬಿಟ್ಟರೆ ಕ್ಯಾಟಲೀನಾ ಬರಿಯ ಅಲಂಕಾರವಾಗಿ ಉಳಿಯುತ್ತದೆ ಎಂಬುದಷ್ಟೇ ನಾನು ಕೊಟ್ಟ ಉತ್ತರ. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ.

ನಮ್ಮ ವಿಕ್ರಾಂತ್ ನೌಕೆ ಮಾತ್ರ ಕಪಾಟಿಗೆ ಬಾರದು. 1943ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಲು ತೊಡಗಿ, ಯುದ್ಧ ಮುಗಿದದ್ದರಿಂದ ಅರ್ಧಕ್ಕೆ ನಿಂತು, 1961ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿದ ಹಡಗು ಅದು. 1971ರ ಡಿಸೆಂಬರಿನಲ್ಲಿ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರಿನ ಮೇಲೂ ಚಿತ್ತಗಾಂಗಿನ ಮೇಲೂ ಎರಗಿದವು. ಇದೇ ಪ್ರಮಾಣದಲ್ಲಿ ಆ ಹಡಗನ್ನು ಮಾಡಿದರೆ ಮೂರು ಮೀಟರ್ ಉದ್ದವಾದೀತು. ನನ್ನ ನಡುಮನೆಯಲ್ಲಿ ಓಡಾಡುವುದಕ್ಕೆ ಜಾಗವುಳಿಯದು. ನಿಜವಾದ ವಿಕ್ರಾಂತ್ 1997ರಲ್ಲಿ ನಿವೃತ್ತವಾಗಿ, ಕೆಲಕಾಲ ಮುಂಬಯಿಯಲ್ಲಿ ಸಂಗ್ರಹಾಲಯವಾಗಿದ್ದು, 2014ರಲ್ಲಿ ಒಡೆಯುವವರ ಕೈಸೇರಿತು.

ಇವೆಲ್ಲಕ್ಕಿಂತ ಕ್ಯಾಟಲೀನಾದ ಮೇಲೆ ನನಗೆ ಮಮತೆ ಹೆಚ್ಚು. ಅದಕ್ಕೆ ಕಾರಣ ಬೆಂಗಳೂರಿನಲ್ಲಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧ ಬಿರುಸಾದಾಗ ಮಿತ್ರಪಕ್ಷದ ವಿಮಾನಗಳ ದುರಸ್ತಿಯ ನೆಲೆಯಾಯಿತು. ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿದು ದುರಸ್ತಿಗೆ ಬರುತ್ತಿದ್ದವು. ಈಚಿನ ವರ್ಷಗಳಲ್ಲಿ ನೊರೆಯಿಂದಲೂ ಬೆಂಕಿಯಿಂದಲೂ ಪತ್ರಿಕೆಗಳಿಗೆ ಬಂದ ಕೆರೆಯೇ ಅದು.

ಕೃಷ್ಣರಾಜನಗರದ ಕಡೆಯಿಂದ ಹೋಗಿ ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು ನಮ್ಮ ಸೋದರಮಾವ. ಅವರು ಯುದ್ಧದ ಕಥೆ ಹೇಳಿದವರಲ್ಲ. ಯಾವ ವಿಮಾನ ಎಲ್ಲಿ ಹೋರಾಡಿತೆಂಬುದು ಅವರಿಗೆ ತಿಳಿದಿರಲೂ ಇಲ್ಲ. ರಿವೆಟ್ಟುಗಳನ್ನು ಕುರಿತು, ತುಕ್ಕನ್ನು ಕುರಿತು ಹೇಳುತ್ತಿದ್ದರು. "ಹೊಟ್ಟೆಯ ಸಂದಿನಲ್ಲಿ ಬೆರಳಿಟ್ಟರೆ ಉಪ್ಪು ಹತ್ತೋದು ಕಣಯ್ಯ, ಸಮುದ್ರದ ಉಪ್ಪು. ಅದನ್ನ ತೊಳೆಯೋದೇ ಒಂದು ಕೆಲಸ," ಎನ್ನುತ್ತಿದ್ದರು. ಸಾಯುವವರೆಗೆ ಅವರು ಸಮುದ್ರವನ್ನು ಕಂಡವರಲ್ಲ.

ಇಂಥ ಮಾದರಿಗಳ ಪೀಠದ ಮೇಲೆ ವಿಮಾನದ ದಳ, ವರ್ಷ, ಎಷ್ಟೋ ಬಾರಿ ಚಾಲಕನ ಹೆಸರು ಸಹ ಇರುತ್ತವೆ. ರಿವೆಟ್ಟು ಬಡಿದವರ ಹೆಸರು ಇರುವುದಿಲ್ಲ. ಅಷ್ಟು ಜನರ ಹೆಸರಿಗೆ ಪೀಠದಲ್ಲಿ ಸ್ಥಳವಾದರೂ ಎಲ್ಲಿ? ನನ್ನ ಕ್ಯಾಟಲೀನಾದ ಪೀಠದ ಕೆಳಗೆ ಕಾಗದದ ಸಣ್ಣ ಚೀಟಿಯೊಂದನ್ನು ಅಂಟಿಸಿದ್ದೇನೆ. ಅದರಲ್ಲಿ ಬೆಳ್ಳಂದೂರು ಎಂದು ಬರೆದು, ಪಕ್ಕದಲ್ಲಿ ಮಾವನ ಹೆಸರನ್ನೂ ಸೇರಿಸಿದ್ದೇನೆ. ಮೈಸೂರಿನಿಂದ ಬಂದಿದ್ದ ಸಂಗ್ರಾಹಕರೊಬ್ಬರು ಅದನ್ನು ಕಂಡು, "ಗೋಂದು ಹಚ್ಚಿಬಿಟ್ಟಿರಲ್ಲ ಸ್ವಾಮಿ, ಇನ್ನು ಇದಕ್ಕೆ ಅರ್ಧ ಬೆಲೆಯೂ ಬಾರದು," ಎಂದು ಮರುಗಿದರು. ಕಾಫಿ ತರಿಸಿ, ಝೀರೋವನ್ನು ಅವರ ಕೈಗೆ ಕೊಟ್ಟೆ.