ತಪ್ಪು ಆಯ್ಕೆ ಏಕೆ ತಪ್ಪು?

(ಪ್ರಮಾಣಪತ್ರ ವಿತರಣಾ ಸಮಾರಂಭದಲ್ಲಿ ಪೋಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕನ್ನಡ ಶಾಲೆಯ ಸಮಾರಂಭದಲ್ಲಿ ಫಿಸಿಕ್ಸ್ ಪರೀಕ್ಷೆಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಈ ಮಕ್ಕಳಲ್ಲಿ ಹಲವರು ಆಗಸ್ಟ್‌ನಲ್ಲಿ ಜಿಮ್ನಾಸಿಯಂ ಸೇರುತ್ತಾರೆ. ನಾಟುರ್ ಅಥವಾ ಟೆಕ್ನಿಕ್ ವಿಭಾಗ ಆರಿಸಿಕೊಂಡವರಿಗೆ ಭೌತಶಾಸ್ತ್ರ ತಪ್ಪಿದ್ದಲ್ಲ. ಆ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಮಾತು ಬರುತ್ತದೆ: "ಕನ್ನಡ ಇಷ್ಟು ಕಲಿತದ್ದು ಸಾಕು, ಇನ್ನು ಶನಿವಾರ ಫಿಸಿಕ್ಸ್, ಮ್ಯಾಥ್ಸ್ ಮಾಡಲಿ." ನಾನೂ ಹಾಗೆ ಹೇಳಿದವನೇ. ಆಮೇಲೆ ಮನಸ್ಸು ಬದಲಾಯಿಸಿದೆ. ಯಾಕೆ ಎಂಬುದನ್ನು ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ.

ನಮ್ಮಲ್ಲಿ ಅನೇಕರು ಸಿಇಟಿ ಬರೆದು ಬಂದವರು. ಕರ್ನಾಟಕದಲ್ಲಿ 1994ರಲ್ಲಿ ಶುರುವಾದ ಆ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ನಾವು ರೂಢಿಸಿಕೊಂಡದ್ದು ವೇಗವನ್ನು. ಸೂತ್ರ ಬಾಯಿಪಾಠ, ಹಳೆಯ ಪ್ರಶ್ನೆಪತ್ರಿಕೆಗಳ ರಾಶಿ, ಏನೂ ತೋಚದಿದ್ದರೆ ದೇವರ ಮೇಲೆ ಭಾರ ಹಾಕಿ ಒಂದು ವೃತ್ತ ತುಂಬುವುದು. ನನಗಂತೂ ಸೀಟು ಸಿಕ್ಕಿತು. ಅದೇ ವಿದ್ಯೆಯನ್ನು ಮಗಳಿಗೂ ಹೇಳಿಕೊಡಲು ಕೂತೆ.

ಅವಳ ಪ್ರಶ್ನೆ ಹೀಗಿತ್ತು. ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದಾರೆ, ಗಾಳಿಯ ತಡೆ ಲೆಕ್ಕಕ್ಕಿಲ್ಲ. ಚೆಂಡು ತುತ್ತತುದಿಯಲ್ಲಿರುವ ಕ್ಷಣ ಅದರ ಮೇಲೆ ಯಾವ ಬಲಗಳಿವೆ?

1. ಯಾವ ಬಲವೂ ಇಲ್ಲ.
2. ಕೈ ಕೊಟ್ಟ ಮೇಲ್ಮುಖ ಬಲ ಮತ್ತು ಗುರುತ್ವ ಬಲ, ಎರಡೂ ಸಮ.
3. ಕೆಳಮುಖವಾದ ಗುರುತ್ವ ಬಲ ಮಾತ್ರ.
4. ಗುರುತ್ವ ಬಲ ಮತ್ತು ಅದಕ್ಕಿಂತ ಕಡಿಮೆಯಾದ ಮೇಲ್ಮುಖ ಬಲ.

ನಾನು ಥಟ್ಟನೆ "ಮೂರು" ಎಂದೆ. "ಅದು ನಂಗೂ ಗೊತ್ತು ಅಪ್ಪ. ಎರಡು ಯಾಕೆ ತಪ್ಪು ಹೇಳು. ಚೆಂಡು ಅಲ್ಲಿ ನಿಂತಿರತ್ತಲ್ವಾ?" ಎಂದಳು. ನನಗೆ ತಕ್ಷಣ ಮಾತು ಹೊರಡಲಿಲ್ಲ. ಸರಿ ಉತ್ತರ ಗೊತ್ತಿತ್ತು, ತಪ್ಪು ಉತ್ತರ ಏಕೆ ತಪ್ಪು ಎಂದು ಯಾವತ್ತೂ ಯೋಚಿಸಿರಲಿಲ್ಲ.

ಒಳ್ಳೆಯ ಬಹು ಆಯ್ಕೆ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗಳನ್ನು ಜಾಗ ತುಂಬಿಸಲು ಬರೆದಿರುವುದಿಲ್ಲ. ಒಂದೊಂದರ ಹಿಂದೆಯೂ ಸಹಜವಾಗಿ ಹುಟ್ಟುವ ಒಂದು ತಪ್ಪು ಕಲ್ಪನೆ ಇರುತ್ತದೆ. ಅಮೆರಿಕದ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಪ್ರಶ್ನಾವಳಿ ಇದಕ್ಕೆ ಹೆಸರುವಾಸಿ. ವಿದ್ಯಾರ್ಥಿಗಳು ನಿಜವಾಗಿ ಕೊಡುತ್ತಿದ್ದ ತಪ್ಪು ಉತ್ತರಗಳೇ ಅದರ ಆಯ್ಕೆಗಳಾದವು. ಹಾರ್ವರ್ಡ್‌ನ ಪ್ರಾಧ್ಯಾಪಕ ಎರಿಕ್ ಮಝೂರ್ ಹೆಸ್ಟೆನೆಸ್ ಅವರ ಇದೇ ಬಗೆಯ ಪ್ರಶ್ನೆಗಳನ್ನು ತಮ್ಮ ತರಗತಿಗೆ ಕೊಟ್ಟಾಗ ವಿದ್ಯಾರ್ಥಿಯೊಬ್ಬರು ಕೇಳಿದರಂತೆ, ನೀವು ಕಲಿಸಿದ ಹಾಗೆ ಉತ್ತರಿಸಬೇಕೋ, ನಾನು ಮಾಮೂಲಾಗಿ ಯೋಚಿಸುವ ಹಾಗೋ ಎಂದು. ಆಮೇಲೆ ಮಝೂರ್ ಪಾಠದ ಕ್ರಮವನ್ನೇ ಬದಲಾಯಿಸಿದರು. ಪ್ರತಿಯೊಬ್ಬರೂ ಮೊದಲು ತಾವೇ ಒಂದು ಆಯ್ಕೆ ಹೇಳಬೇಕು, ಪಕ್ಕದವರಿಗೆ ಕಾರಣ ಕೊಟ್ಟು ಒಪ್ಪಿಸಲು ನೋಡಬೇಕು, ಮತ್ತೆ ಉತ್ತರಿಸಬೇಕು.

ನಮ್ಮ ಮನೆಯಲ್ಲಿ ಆ ಪಕ್ಕದವನು ನಾನಾದೆ. ನಾನು ಸೂತ್ರ ಹೇಳುವುದು ಬಿಟ್ಟೆ, ಅವಳು ನನಗೆ ಕನ್ನಡದಲ್ಲಿ ವಿವರಿಸಬೇಕು ಎಂದು ಗೊತ್ತುಮಾಡಿಕೊಂಡೆವು. ಆಗ ಒಂದು ವಿಷಯ ಗಮನಕ್ಕೆ ಬಂತು. ಸ್ವೀಡಿಷ್‌ನಲ್ಲಿ ಕೇಳಿದರೆ ಪುಸ್ತಕದ ವಾಕ್ಯ ಹಾಗೆಹಾಗೇ ಬರುತ್ತಿತ್ತು. ಕನ್ನಡದಲ್ಲಿ ಸಿದ್ಧ ವಾಕ್ಯ ಇರಲಿಲ್ಲ, ಆದ್ದರಿಂದ ಯೋಚಿಸಲೇಬೇಕಾಯಿತು. ತಡವರಿಸಿ ತಡವರಿಸಿ ಕೊನೆಗೆ ಹೇಳಿದಳು: "ಎರಡೂ ಬಲ ಸಮ ಆಗಿದ್ರೆ ಚೆಂಡು ಅಲ್ಲೇ ತೂಗಾಡ್ತಾ ಇರ್ಬೇಕಿತ್ತು. ಕೆಳಗೆ ಬರತ್ತೆ ಅಂದ್ರೆ ಬಲ ಕೆಳಗೇ ಇದೆ. ಕೈ ಬಿಟ್ಟ ಮೇಲೆ ಕೈಯ ಬಲ ಎಲ್ಲಿಂದ ಬರತ್ತೆ? ಚೆಂಡಿಗೆ ಉಳಿದಿದ್ದು ವೇಗ, ಬಲ ಅಲ್ಲ." ಆ ಒಂದು ವಿವರಣೆಯಲ್ಲಿ ಒಂದು, ಎರಡು, ನಾಲ್ಕು ಮೂರೂ ಆಯ್ಕೆಗಳು ಬಿದ್ದವು.

ಮಾತಿನಿಂದಲೇ ಹುಟ್ಟುವ ಗೊಂದಲವೂ ಉಂಟು. ಸ್ವೀಡಿಷ್‌ನಲ್ಲಿ 'ಕ್ರಾಫ್ಟ್' ಎಂದರೆ ಭೌತಶಾಸ್ತ್ರದ ಬಲ. ಆದರೆ ಜಲವಿದ್ಯುತ್ತಿಗೆ 'ವಾಟೆನ್‌ಕ್ರಾಫ್ಟ್' ಎನ್ನುತ್ತಾರೆ, ಅಲ್ಲಿ ಅದು ಬಲವಲ್ಲ. 'ಎಫೆಕ್ಟ್' ದಿನಬಳಕೆಯಲ್ಲಿ ಪರಿಣಾಮ, ಪರೀಕ್ಷೆಯಲ್ಲಿ ವ್ಯಾಟ್‌ನಲ್ಲಿ ಅಳೆಯುವ ಸಾಮರ್ಥ್ಯ. ನಾವೇನು ಕಡಿಮೆಯೇ? ಚೀಲ ಎತ್ತಲಾಗದಿದ್ದರೆ "ಶಕ್ತಿ ಇಲ್ಲ" ಎನ್ನುತ್ತೇವೆ, ಅಲ್ಲಿ ಸಾಲದ್ದು ಬಲ. ಎರಡು ಭಾಷೆಯಲ್ಲಿ ಒಂದೇ ವಿಷಯ ಹೇಳಲು ಹೊರಟ ಮಗು "ಇದು ಯಾವ ಕ್ರಾಫ್ಟ್?" ಎಂದು ನಿಂತು ಕೇಳುತ್ತದೆ. ಹಾಗೆ ಕೇಳುವ ಮಗು ತಪ್ಪು ಆಯ್ಕೆಗೆ ಸುಲಭವಾಗಿ ಮರುಳಾಗುವುದಿಲ್ಲ.

ಮನೆಯಲ್ಲಿ ನೀವು ಮಾಡಬಹುದಾದ್ದನ್ನು ಹೇಳುತ್ತೇನೆ. ಇದಕ್ಕೆ ನಿಮಗೆ ಫಿಸಿಕ್ಸ್ ಬರಬೇಕಾಗಿಲ್ಲ.

ಮೊದಲನೆಯದು, ಆಯ್ಕೆಗಳನ್ನು ಕೈಯಿಂದ ಮುಚ್ಚಿ ಪ್ರಶ್ನೆ ಮಾತ್ರ ಓದಿಸಿ. ಮಗು ತನ್ನ ಉತ್ತರ ಹೇಳಿದ ಮೇಲೆ ಕೈ ತೆಗೆಯಿರಿ.

ಎರಡನೆಯದು, ಉಳಿದ ಮೂರನ್ನು ಒಂದೊಂದಾಗಿ ತೋರಿಸಿ, "ಏನು ಯೋಚಿಸಿದವರು ಇದನ್ನು ಆರಿಸುತ್ತಾರೆ?" ಎಂದು ಕೇಳಿ. ದಿನಕ್ಕೆ ಮೂರು ಪ್ರಶ್ನೆ ಸಾಕು. ಮೂವತ್ತು ಪ್ರಶ್ನೆ ಬರೀ ಗುರುತು ಹಾಕುವುದಕ್ಕಿಂತ ಇದರಿಂದ ಹೆಚ್ಚು ಕಲಿಯುತ್ತಾರೆ.

ಮೂರನೆಯದು, ಒಂದು ಚಿಕ್ಕ ಪುಸ್ತಕವಿರಲಿ. ತಪ್ಪಿದಾಗ ಸರಿ ಉತ್ತರವನ್ನಲ್ಲ, ತಪ್ಪಿಸಿದ ಯೋಚನೆಯನ್ನು ಅದರಲ್ಲಿ ಬರೆಯಲಿ. ಊಹಿಸಿ ಸರಿಯಾದದ್ದನ್ನೂ ತಪ್ಪಿನ ಲೆಕ್ಕಕ್ಕೇ ಸೇರಿಸಲಿ. ವಾರ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಮಾಡಿಸಿ.

ಲೆಕ್ಕದ ಪ್ರಶ್ನೆಗೂ ಇದೇ ಕ್ರಮ. ಕಾರಿನ ವೇಗ ಗಂಟೆಗೆ 30ರಿಂದ 60 ಕಿಲೋಮೀಟರಿಗೆ ಏರಿದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎಷ್ಟು ಪಟ್ಟು? "ಎರಡು" ಎಂಬ ಆಯ್ಕೆ ಕಾದು ಕೂತಿರುತ್ತದೆ. ಬ್ರೇಕಿನ ಬಲ ಅಷ್ಟೇ ಇದ್ದರೆ ಉತ್ತರ ನಾಲ್ಕು, ಏಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಶಾಲೆಗಳ ಹತ್ತಿರ 30ರ ಫಲಕ ನೋಡಿದಾಗಲೆಲ್ಲ ಮಕ್ಕಳಿಗೆ ಇದನ್ನು ನೆನಪಿಸಬಹುದು. ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿ 80 ಕಿಲೋ ತೂಗುವ ಅಪ್ಪ, 40 ಕಿಲೋದ ಮಗಳು ಪರಸ್ಪರ ತಳ್ಳಿದರೆ ಯಾರ ಬಲ ಹೆಚ್ಚು? ಇಬ್ಬರದೂ ಸಮ. ಮಗಳು ಎರಡು ಪಟ್ಟು ವೇಗದಲ್ಲಿ ದೂರ ಹೋಗುತ್ತಾಳೆ, ಅಷ್ಟೇ. ಇದನ್ನು ಚಳಿಗಾಲದಲ್ಲಿ ಮಾಡಿಯೇ ನೋಡಬಹುದು.

ಪರೀಕ್ಷೆಯ ದಿನದ ಜಾಣತನವೂ ಬೇಕು, ಇಲ್ಲವೆನ್ನುವುದಿಲ್ಲ. ಮುಂದೆ ಈ ಮಕ್ಕಳು ಬರೆಯಬಹುದಾದ ಹೋಗ್‌ಸ್ಕೂಲೆಪ್ರೂವೆಟ್‌ನಲ್ಲಿ ಅಂಕಕ್ಕೆ ಬರುವ 160 ಪ್ರಶ್ನೆಗಳೂ ಬಹು ಆಯ್ಕೆಯವೇ. 40 ಪ್ರಶ್ನೆಗೆ 55 ನಿಮಿಷ. ಫಿಸಿಕ್ಸ್ ಅದರಲ್ಲಿಲ್ಲ, ಗಣಿತ ಇದೆ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ನಾಲ್ಕು ಆಯ್ಕೆಯಲ್ಲಿ ಎರಡನ್ನು ಕಾರಣ ಸಹಿತ ತೆಗೆದುಹಾಕಿದರೆ ಊಹೆ ಸರಿಯಾಗುವ ಸಂಭವ 25ರಿಂದ 50 ಶೇಕಡಕ್ಕೆ ಏರುತ್ತದೆ. ಆ ಕಾರಣ ಹೇಳುವ ಅಭ್ಯಾಸ ಮಾತ್ರ ಪರೀಕ್ಷೆಯ ಕೋಣೆಯಲ್ಲಿ ಬರುವುದಿಲ್ಲ, ಮೊದಲೇ ಆಗಿರಬೇಕು. ಜಿಮ್ನಾಸಿಯಂನಲ್ಲಿ ಒಳ್ಳೆಯ ದರ್ಜೆ ಸಿಗಬೇಕಾದರೂ "ಯಾಕೆ" ಎಂದು ವಿವರಿಸಲು ಬರಬೇಕು.

ಕನ್ನಡ ಕಲಿತರೆ ಫಿಸಿಕ್ಸ್ ತಾನಾಗಿ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ದುಡಿಮೆ ಇದ್ದೇ ಇದೆ. ಆದರೆ ಫಿಸಿಕ್ಸಿಗಾಗಿ ಕನ್ನಡ ಬಿಡಿಸಿದರೆ, ಅಪ್ಪ ಅಮ್ಮನಿಗೆ ಬಿಡಿಸಿ ಹೇಳಲು ಮಗುವಿಗೆ ಇದ್ದ ಭಾಷೆಯನ್ನೇ ತೆಗೆದುಹಾಕಿದಂತೆ. ನನ್ನ ಮಗಳನ್ನು ನಾನು ಈ ಶಾಲೆಯಿಂದ ಬಿಡಿಸಲಿಲ್ಲ. ಶಿಕ್ಷಕರಲ್ಲಿ ಒಂದು ಕೋರಿಕೆ: ದೊಡ್ಡ ಮಕ್ಕಳ ತರಗತಿಯಲ್ಲಿ ಹತ್ತು ನಿಮಿಷ ಇಂಥ ಒಂದು ಪ್ರಶ್ನೆಯನ್ನು ಹಾಕಿ, ಕನ್ನಡದಲ್ಲಿ ವಾದ ಮಾಡಲು ಬಿಡಿ.

ಮಕ್ಕಳೇ, ಮುಂದಿನ ವರ್ಷ ಒಂದು ಪ್ರಶ್ನೆ ತಪ್ಪಾದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಮನೆಗೆ ತಂದು, ಯಾಕೆ ತಪ್ಪಾಯಿತು ಎಂದು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳಿ. ನಮಗೂ ಕಲಿಯುವುದಿದೆ.